ಗ್ಯಾಸ್ ಗೀಸರ್, ಒಲೆ, ಹೀಟರ್: ಸಿಲಿಂಡರ್ ಖಾಲಿ ಮಾಡುತ್ತಿರುವುದು ಯಾರು?

ವಿಜಯನಗರದ ರಶ್ಮಿ (ಬೆಂಗಳೂರು)

ಮನೆಯಲ್ಲಿ ನಾವು ನಾಲ್ಕು ಜನ. ಬರೀ ಅಡುಗೆಗೆ ಗ್ಯಾಸ್ ಇದ್ದಾಗ 14.2 ಕೆಜಿ ಸಿಲಿಂಡರ್ ಹೆಚ್ಚುಕಡಿಮೆ ಒಂದೂವರೆ ತಿಂಗಳು ಬರುತ್ತಿತ್ತು. ದೀಪಾವಳಿ ಕಳೆದ ಮೇಲೆ ಗ್ಯಾಸ್ ಗೀಸರ್ ಹಾಕಿಸಿದೆವು. ಕರೆಂಟ್ ಗೀಸರ್ ಇದ್ದಾಗ ಚಳಿಗಾಲದಲ್ಲಿ 200 ಯೂನಿಟ್ ದಾಟಿ ಗೃಹಜ್ಯೋತಿ ಕೈತಪ್ಪುತ್ತಿತ್ತು, ಅದಕ್ಕೇ ಈ ಸಾಹಸ. ಈಗ ನೋಡಿದರೆ ಸಿಲಿಂಡರ್ ಮೂರು ವಾರಕ್ಕೇ ಖಾಲಿ.

ಅತ್ತೆ ಹೇಳುವುದು ಸಿಲಿಂಡರ್ ತೂಕದಲ್ಲೇ ಮೋಸ ಇದೆ ಅಂತ. ನಮ್ಮ ಯಜಮಾನರು ಪೈಪ್ ಎಲ್ಲೋ ಸೋರುತ್ತಿದೆ ಅಂತ ಸೋಪಿನ ನೀರು ಹಚ್ಚಿ ನೋಡಿದರು, ಒಂದು ಗುಳ್ಳೆಯೂ ಬರಲಿಲ್ಲ. ಸಿಲಿಂಡರ್ ತರುವ ಹುಡುಗ "ಗೀಸರ್ ಇದ್ರೆ ಅಷ್ಟೇ ಮೇಡಂ" ಅಂತ ನಕ್ಕು ಹೋದ. ಅಷ್ಟೇ ಅಂದರೆ ಎಷ್ಟು? ಯಾರಾದರೂ ಗ್ರಾಂ ಲೆಕ್ಕದಲ್ಲಿ ಹೇಳುತ್ತೀರಾ?

ಗುಂಡಣ್ಣ

ಗ್ಯಾಸ್ ಗೀಸರ್ ಅಂದರೆ ಸಿಲಿಂಡರ್ ನುಂಗುವ ರಾಕ್ಷಸ. ತೆಗೆಸಿ ಬಿಸಾಕಿ. ಇದರಲ್ಲಿ ಲೆಕ್ಕ ಏನು ಬಂತು?

ಲೆಕ್ಕದ ಮೇಷ್ಟ್ರು (ಮೈಸೂರು)

ಗುಂಡಣ್ಣ, ಸ್ವಲ್ಪ ತಡೆಯಿರಿ. ಲೆಕ್ಕ ಇದೆ, ಕಷ್ಟದ್ದೂ ಅಲ್ಲ.

ಒಂದು ಕೆಜಿ ಅಡುಗೆ ಅನಿಲ ಉರಿದರೆ ಸುಮಾರು 46 ಮೆಗಾಜೂಲ್ ಶಾಖ ಬರುತ್ತದೆ. ನಮಗೆ ಅರ್ಥವಾಗುವ ಕರೆಂಟ್ ಲೆಕ್ಕದಲ್ಲಿ ಹೇಳಿದರೆ 12.8 ಯೂನಿಟ್. ನಮ್ಮ ಸಿಲಿಂಡರ್‌ನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಬೆರಕೆ. ಎರಡಕ್ಕೂ ಕೆಜಿ ಲೆಕ್ಕದಲ್ಲಿ ಶಾಖ ಹೆಚ್ಚುಕಡಿಮೆ ಒಂದೇ. ಇಡೀ ಸಿಲಿಂಡರ್ ಅಂದರೆ ಸುಮಾರು 180 ಯೂನಿಟ್ ಶಾಖ.

ಇನ್ನು ಒಂದು ಬಕೆಟ್ ನೀರು. 20 ಲೀಟರ್ ಅಂತಿಟ್ಟುಕೊಳ್ಳಿ. ತೊಟ್ಟಿ ನೀರು 24 ಡಿಗ್ರಿ, ಸ್ನಾನಕ್ಕೆ ಬೇಕಾದ್ದು 42 ಡಿಗ್ರಿ. ಇಷ್ಟು ಬಿಸಿ ಮಾಡಲು ನೀರಿಗೆ ಸುಮಾರು 1,500 ಕಿಲೋಜೂಲ್ ಸೇರಬೇಕು. ಗೀಸರ್ ನೂರಕ್ಕೆ 84ರಷ್ಟು ಶಾಖವನ್ನು ನೀರಿಗೆ ಕೊಡುತ್ತದೆ ಅಂದುಕೊಂಡರೆ ಉರಿಯುವ ಅನಿಲ 40 ಗ್ರಾಂ. ಅಷ್ಟೇ. ಒಂದು ಸಿಲಿಂಡರ್‌ನಲ್ಲಿ 350 ಬಕೆಟ್ ಬಿಸಿ ನೀರು ಬರಬೇಕು.

ಹಾಗಾದರೆ ನಾಲ್ಕು ಜನ ದಿನಕ್ಕೆ ನಾಲ್ಕು ಬಕೆಟ್ ಬಳಸಿದರೆ 160 ಗ್ರಾಂ. ತಿಂಗಳಿಗೆ 4.8 ಕೆಜಿ. ನಿಮ್ಮ ಅಡುಗೆಗೆ ತಿಂಗಳಿಗೆ ಸುಮಾರು ಒಂಬತ್ತೂವರೆ ಕೆಜಿ ಹೋಗುತ್ತಿತ್ತು. ಎರಡೂ ಸೇರಿ 14.3 ಕೆಜಿ. ಸಿಲಿಂಡರ್ ಸರಿಯಾಗಿ ಒಂದು ತಿಂಗಳು ಬರಬೇಕಿತ್ತು. ನಿಮ್ಮಲ್ಲಿ ಮೂರೇ ವಾರ ಬರುತ್ತಿದೆ. ಅಂದರೆ ತಿಂಗಳಿಗೆ ಇನ್ನೂ ಐದಾರು ಕೆಜಿ ಎಲ್ಲೋ ಹೋಗುತ್ತಿದೆ.

ಎರಡು ಪ್ರಶ್ನೆ. ಗೀಸರ್ ಮೇಲಿನ ತಗಡಿನಲ್ಲಿ ಎಷ್ಟು ಕಿಲೋವ್ಯಾಟ್ ಅಂತ ಬರೆದಿದೆ? ಎಲ್ಲರೂ ಬಕೆಟ್ಟೋ, ಯಾರಾದರೂ ಶವರ್ ಅಡಿ ನಿಲ್ಲುತ್ತಾರೋ?

ವಿಜಯನಗರದ ರಶ್ಮಿ

ಮೇಷ್ಟ್ರೇ, ಸ್ಟೂಲ್ ಹತ್ತಿ ನೋಡಿದೆ. ನಿಮಿಷಕ್ಕೆ 6 ಲೀಟರ್, 12 ಕಿಲೋವ್ಯಾಟ್, ಅನಿಲದ ಒತ್ತಡ 2.942 ಕಿಲೋಪಾಸ್ಕಲ್ ಅಂತ ಇದೆ. ಮುಂದೆ ಮೂರು ಗುಬಟು. ಒಂದು ನೀರಿಗೆ, ಒಂದು ಗ್ಯಾಸ್‌ಗೆ, ಮೂರನೆಯದರಲ್ಲಿ ಬೇಸಿಗೆ–ಚಳಿಗಾಲ ಅಂತ ಸೂರ್ಯ, ಹಿಮದ ಚಿತ್ರ. ಹಾಕಿದವನು ಚಳಿಗಾಲಕ್ಕೆ ತಿರುಗಿಸಿಟ್ಟು ಹೋದದ್ದು, ಹಾಗೇ ಇದೆ.

ಅತ್ತೆ, ನಾನು, ಯಜಮಾನರು ಬಕೆಟ್. ಮಗ ಪಿಯುಸಿ. ಅವನದು ಶವರ್. ಕಾಲು ಗಂಟೆಗೆ ಕಡಿಮೆ ಇಲ್ಲ.

ಲೆಕ್ಕದ ಮೇಷ್ಟ್ರು

ಸಿಕ್ಕಿಬಿದ್ದ.

12 ಕಿಲೋವ್ಯಾಟ್ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ 940 ಗ್ರಾಂ ಅನಿಲ ಸುಡುತ್ತದೆ. ನಿಮಿಷಕ್ಕೆ 15–16 ಗ್ರಾಂ. ಕಾಲು ಗಂಟೆಯ ಶವರ್ ಅಂದರೆ 235 ಗ್ರಾಂ. ನಿಮ್ಮ ಮೂವರ ಬಕೆಟ್ ಸೇರಿದರೂ 120 ಗ್ರಾಂ. ಹುಡುಗ ಒಬ್ಬನೇ ತಿಂಗಳಿಗೆ 7 ಕೆಜಿ, ಅಂದರೆ ಅರ್ಧ ಸಿಲಿಂಡರ್. ಮೂವರ ಸ್ನಾನ 3.6, ಅಡುಗೆ 9.5. ಕೂಡಿದರೆ 20 ಕೆಜಿ. 14.2 ಕೆಜಿ ಮೂರು ವಾರಕ್ಕೆ ಮುಗಿಯುವುದು ಸರಿಯಾಗೇ ಇದೆ. ತೂಕದಲ್ಲಿ ಮೋಸವೂ ಇಲ್ಲ, ಸೋರಿಕೆಯೂ ಇಲ್ಲ.

ನಿಮಿಷಕ್ಕೆ 6 ಲೀಟರ್‌ನಂತೆ 15 ನಿಮಿಷ ಅಂದರೆ 90 ಲೀಟರ್ ಬಿಸಿ ನೀರು, ನಾಲ್ಕೂವರೆ ಬಕೆಟ್. ಗೀಸರ್ ಪಾಪ ಕೇಳಿದಷ್ಟು ಕೊಡುತ್ತಿದೆ. ಆ ಗುಬಟನ್ನು ಬೇಸಿಗೆ ಕಡೆಗೆ ತಿರುಗಿಸಿ. ಬೆಂಗಳೂರಿನ ನೀರಿಗೆ ಅದು ಧಾರಾಳ ಸಾಕು. ಚಳಿಗಾಲದಲ್ಲಿಟ್ಟು, ಆಮೇಲೆ ಬಿಸಿ ಜಾಸ್ತಿ ಆಯಿತು ಅಂತ ಶವರ್ ಕೆಳಗೆ ತಣ್ಣೀರು ಬೆರೆಸುವುದು ಅನಿಲ ಸುಟ್ಟು ನೀರು ಚೆಲ್ಲುವ ಕೆಲಸ.

ಗುಂಡಣ್ಣ

ಪಿಯುಸಿ ಹುಡುಗನಿಗೆ ಬಕೆಟ್ ಹಿಡಿಸೋಕೆ ಯಾವ ಸೂತ್ರ ಇದೆ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು

ಅದು ನನ್ನ ಸಬ್ಜೆಕ್ಟ್ ಅಲ್ಲ.

ಇನ್ನೊಬ್ಬ ಬೆಂಗಳೂರಿಗ

ನೀವು ಪೈಪ್ ಮರೆತಿರಿ. ನಮ್ಮಲ್ಲಿ ಗೀಸರ್ ಹಿಂದಿನ ಯುಟಿಲಿಟಿಯಲ್ಲಿ, ಬಚ್ಚಲು ಮುಂದಿನ ರೂಮಿನಲ್ಲಿ. ಪ್ರತಿ ಸಲ ಪೈಪ್‌ನಲ್ಲಿ ಉಳಿಯುವ ಬಿಸಿ ನೀರು ದಂಡ. ಅಸಲಿ ಖರ್ಚು ಅಲ್ಲೇ.

ಲೆಕ್ಕದ ಮೇಷ್ಟ್ರು

ಅರ್ಧ ಇಂಚಿನ ಪೈಪ್ 10 ಮೀಟರ್ ಉದ್ದ ಇದ್ದರೆ ಒಳಗೆ ನಿಲ್ಲುವ ನೀರು ಒಂದೂಕಾಲು ಲೀಟರ್. ಅದನ್ನು ಬಿಸಿ ಮಾಡಲು 3–4 ಗ್ರಾಂ ಸಾಕು. ದಿನಕ್ಕೆ ನಾಲ್ಕು ಸಲ ದಂಡವಾದರೂ ತಿಂಗಳಿಗೆ ಅರ್ಧ ಕೆಜಿ ಮುಟ್ಟುವುದಿಲ್ಲ. ಬಿಸಿ ನೀರು ಬರುವವರೆಗೆ ಹರಿದುಹೋಗುವ ತಣ್ಣೀರನ್ನು ಬಕೆಟ್‌ನಲ್ಲಿ ಹಿಡಿಯಿರಿ, ಆಯಿತು.

ರೊಟ್ಟಿ ಅಕ್ಕ (ಹುಬ್ಬಳ್ಳಿ)

ಎಲ್ಲಾರೂ ಬಚ್ಚಲ ಮನೆಯಲ್ಲೇ ನಿಂತುಬಿಟ್ಟೀರಲ್ಲ, ಅಡುಗೆಮನೆ ಕಡೆ ಯಾರೂ ನೋಡಲಿಲ್ಲ! ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಜೋಳದ ರೊಟ್ಟಿ. ದೊಡ್ಡ ಬರ್ನರ್ ಮೇಲೆ ಹಂಚು ಇಟ್ಟರೆ ಒಂದು ತಾಸು ಉರಿ ಕಡಿಮೆ ಮಾಡುವ ಹಾಗಿಲ್ಲ. ಹಂಚು ಆರಿದರೆ ರೊಟ್ಟಿ ಉಬ್ಬುವುದಿಲ್ಲ, ಸೀಳುತ್ತದೆ. ಅದಕ್ಕೆ ಎಷ್ಟು ಹೋಗುತ್ತದೆ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು

ಸಾಮಾನ್ಯ ಮನೆಯ ಒಲೆಯ ದೊಡ್ಡ ಬರ್ನರ್ ಸುಮಾರು 2 ಕಿಲೋವ್ಯಾಟ್. ಪೂರ್ತಿ ಉರಿಯಲ್ಲಿ ಗಂಟೆಗೆ 160 ಗ್ರಾಂ. ಸಣ್ಣದು ಗಂಟೆಗೆ 100 ಗ್ರಾಂ ಆಸುಪಾಸು. ದಿನಾ ಒಂದು ತಾಸು ರೊಟ್ಟಿ ಅಂದರೆ ತಿಂಗಳಿಗೆ 4.8 ಕೆಜಿ. ರಶ್ಮಿಯವರ ಮನೆಯಲ್ಲಿ ನಾಲ್ಕೂ ಜನ ಬಕೆಟ್ ಸ್ನಾನ ಮಾಡಿದರೆ ಎಷ್ಟು ಆಗುತ್ತಿತ್ತೋ ಸರಿಯಾಗಿ ಅಷ್ಟೇ. ಆದರೆ ಉತ್ತರ ಕರ್ನಾಟಕದಲ್ಲಿ ಹಂಚನ್ನು ರಾಕ್ಷಸ ಅಂತ ಯಾರೂ ಕರೆಯುವುದಿಲ್ಲ, ಅಲ್ವಾ?

ರೊಟ್ಟಿ ಅಕ್ಕ

ಕರೆದು ನೋಡಲಿ!

ಆದರೆ ನಾನೂ ಒಂದಿಷ್ಟು ಕಲಿತದ್ದು ಹೇಳುತ್ತೇನೆ. ಎರಡು ದಿನಕ್ಕೊಮ್ಮೆ ಖಡಕ್ ರೊಟ್ಟಿ ಒಟ್ಟಿಗೆ ಮಾಡಿಟ್ಟರೆ ಹಂಚು ಕಾಯಿಸುವ ಉರಿ ಒಂದು ಸಲದ್ದು ಉಳಿಯುತ್ತದೆ. ಬ್ಯಾಳಿ ರಾತ್ರಿ ನೆನೆ ಹಾಕಿದರೆ ಕುಕ್ಕರ್ ಸೀಟಿ ಅರ್ಧಕ್ಕರ್ಧ ಕಡಿಮೆ. ಮೊದಲನೇ ಸೀಟಿ ಬಂದ ತಕ್ಷಣ ಕುಕ್ಕರ್ ತೆಗೆದು ಸಣ್ಣ ಬರ್ನರ್‌ಗೆ ಇಡಿ. ಒಳಗೆ ಕುದಿ ಬಂದ ಮೇಲೆ ದೊಡ್ಡ ಉರಿ ಕೊಟ್ಟರೆ ಬ್ಯಾಳಿ ಬೇಗ ಬೇಯುವುದಿಲ್ಲ, ಸೀಟಿ ಅಷ್ಟೇ ಜಾಸ್ತಿ.

ಸ್ಪ್ಯಾನರ್ (ದಾವಣಗೆರೆ)

ನಾನು ಒಲೆ ರಿಪೇರಿ ಕೆಲಸದವನು. ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ.

ಒಲೆಗೆ ಐಎಸ್ಐ ಗುರುತು ಸಿಗಬೇಕಾದರೆ ನೂರಕ್ಕೆ 68ರಷ್ಟು ಶಾಖವಾದರೂ ಪಾತ್ರೆಗೆ ಹೋಗಬೇಕು ಅಂತ ನಿಯಮ ಇದೆ. ಅಂಗಡಿಯಲ್ಲಿ ಹೊಸದಾಗಿ ತಂದಾಗ ಅಷ್ಟು ಇರುತ್ತದೆ. ಆಮೇಲೆ ಮನೆಗಳಲ್ಲಿ ನೋಡುವ ಒಲೆ ಬೇರೆಯೇ. ಹಾಲು ಉಕ್ಕಿ ಬರ್ನರ್ ತೂತು ಅರ್ಧ ಮುಚ್ಚಿರುತ್ತದೆ. ಬರ್ನರ್ ತಲೆ ಎತ್ತಿ ಕೆಳಗಿನ ಕೊಳವೆ ನೋಡಿದರೆ ಜೇಡ ಗೂಡು ಕಟ್ಟಿರುತ್ತದೆ, ಗಾಳಿ ಸರಿಯಾಗಿ ಬೆರೆಯುವುದಿಲ್ಲ. ಗುರುತು ಹಿಡಿಯುವುದು ಸುಲಭ. ಉರಿ ನೀಲಿ ಇದ್ದು, ಒಳಗೆ ಸಣ್ಣ ಚೂಪು ನೀಲಿ ಕೋನ ಕಾಣಬೇಕು. ಹಳದಿ ಬಾಲ ಬಂದರೆ, ಪಾತ್ರೆ ತಳ ಕಪ್ಪಾದರೆ, ಅನಿಲ ಪೂರ್ತಿ ಉರಿಯುತ್ತಿಲ್ಲ ಅಂತಲೇ ಅರ್ಥ. ಆ ಮಸಿ ನೀವು ದುಡ್ಡು ಕೊಟ್ಟು ತಂದದ್ದು.

ಹಳೇ ಟೂತ್‌ಬ್ರಷ್, ಒಂದು ಸೂಜಿ ಸಾಕು ತೂತು ಬಿಡಿಸಲು. ಆದರೆ ಒಳಗಿನ ಸಣ್ಣ ಹಿತ್ತಾಳೆ ಜೆಟ್‌ಗೆ ಮಾತ್ರ ಸೂಜಿ ಹಾಕಬೇಡಿ. ತೂತು ಕೂದಲೆಳೆಯಷ್ಟು ಅಗಲವಾದರೂ ಅನಿಲ ಜಾಸ್ತಿ ನುಗ್ಗುತ್ತದೆ, ಗಾಳಿ ಸಾಲುವುದಿಲ್ಲ, ಮತ್ತೆ ಹಳದಿ ಉರಿ.

ದೊಡ್ಡ ಬರ್ನರ್ ಮೇಲೆ ಸಣ್ಣ ಕಾಫಿ ಪಾತ್ರೆ ಇಡುವವರಿಗಂತೂ ಏನು ಹೇಳುವುದು. ಉರಿ ಪಕ್ಕದಿಂದ ಮೇಲೆ ಹತ್ತಿ ಹಿಡಿಕೆ ಸುಡುತ್ತದೆ, ಕಾಫಿ ಅಲ್ಲ.

ರೂಮ್ ನಂಬರ್ 7

ಒಂದು ಲೀಟರ್ ನೀರು ಕುದಿಸೋಕೆ ಎಷ್ಟು ಗ್ಯಾಸ್? ಮೂರು ಜನ ಬ್ಯಾಚುಲರ್ಸ್, 5 ಕೆಜಿ ಸಣ್ಣ ಸಿಲಿಂಡರ್. ಎಷ್ಟು ದಿನ ಬರುತ್ತದೆ ಅಂತ ಮೊದಲೇ ಗೊತ್ತಾದರೆ ಒಳ್ಳೆಯದು. ಪ್ರತಿ ಸಲ ಭಾನುವಾರ ರಾತ್ರಿಯೇ ಖಾಲಿ ಆಗುತ್ತದೆ ಯಾಕೋ.

ಲೆಕ್ಕದ ಮೇಷ್ಟ್ರು

ಮುಚ್ಚಳ ಹಾಕಿ ಕುದಿಸಿದರೆ ಲೀಟರಿಗೆ 10 ಗ್ರಾಂ. ಮುಚ್ಚಳ ಇಲ್ಲದಿದ್ದರೆ ಜಾಸ್ತಿ, ಕುದಿ ಬಂದ ಮೇಲೂ ಫೋನ್ ನೋಡುತ್ತಾ ಬಿಟ್ಟರೆ ಇನ್ನೂ ಜಾಸ್ತಿ. ಅನ್ನ, ಸಾರು, ಎರಡು ಹೊತ್ತು ಚಹಾ ಅಂತ ದಿನಕ್ಕೆ ಸಣ್ಣ ಬರ್ನರ್ ಎರಡು ಗಂಟೆ ಉರಿದರೆ 200 ಗ್ರಾಂ. 5 ಕೆಜಿ 25 ದಿನ ಬರಬೇಕು.

ಪೈಪ್‌ಲೈನ್ ಪ್ರಸಾದ (ಬೆಂಗಳೂರು)

ನಮ್ಮ ಅಪಾರ್ಟ್‌ಮೆಂಟ್‌ಗೆ ಪೈಪ್ ಗ್ಯಾಸ್ ಬಂದಿದೆ. ಮೀಟರ್ ಇರುವುದರಿಂದ ಈ ಜಗಳವೇ ಇಲ್ಲ. ಆದರೆ ಬಿಲ್ ಬರುವುದು ಎಸ್‌ಸಿಎಂ ಲೆಕ್ಕದಲ್ಲಿ, ಅಂದರೆ ಘನ ಮೀಟರ್. ಅಂದಾಜಿಗೆ ಒಂದು ಸಿಲಿಂಡರ್ ಅಂದರೆ 18 ಎಸ್‌ಸಿಎಂ ಅಂತ ಇಟ್ಟುಕೊಳ್ಳಬಹುದು. ಪೈಪಿನಲ್ಲಿ ಬರುವುದು ಮೀಥೇನ್. ಹಳೇ ಒಲೆ, ಗೀಸರ್ ಹಾಗೇ ಜೋಡಿಸಿದರೆ ಉರಿ ಸಣ್ಣದಾಗುತ್ತದೆ. ಒಲೆಗೆ ಜೆಟ್ ಬದಲಿಸಿ ಕೊಡುತ್ತಾರೆ. ಗೀಸರ್ ಮಾತ್ರ ಪೈಪ್ ಗ್ಯಾಸ್‌ಗೆ ಅಂತಲೇ ಮಾಡಿದ್ದನ್ನು ತೆಗೆದುಕೊಳ್ಳುವುದು ಒಳ್ಳೆಯದು.

ವಿಜಯನಗರದ ರಶ್ಮಿ

ಮೇಷ್ಟ್ರೇ, ಇನ್ನೊಂದು ಕೇಳುತ್ತೇನೆ. ದುಡ್ಡಿನ ಲೆಕ್ಕದಲ್ಲಿ ಗ್ಯಾಸೋ, ಕರೆಂಟೋ?

ಲೆಕ್ಕದ ಮೇಷ್ಟ್ರು

ಸಿಲಿಂಡರ್‌ಗೆ 2025ರಲ್ಲಿ ಇದ್ದಂತೆ 855 ರೂಪಾಯಿ ಆಸುಪಾಸು ಅಂತ ಹಿಡಿದರೆ ಕೆಜಿಗೆ 60 ರೂಪಾಯಿ. ಒಂದು ಬಕೆಟ್‌ಗೆ 40 ಗ್ರಾಂ, ಅಂದರೆ 2 ರೂಪಾಯಿ 40 ಪೈಸೆ. ಅದೇ ಬಕೆಟ್ ಕರೆಂಟ್ ಗೀಸರ್‌ನಲ್ಲಿ ಕಾಯಿಸಿದರೆ ಸುಮಾರು ಅರ್ಧ ಯೂನಿಟ್. ಸರ್ಚಾರ್ಜ್, ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ ಆರೂವರೆ ಅಂತಿಟ್ಟರೆ 3 ರೂಪಾಯಿ 25 ಪೈಸೆ. ಗ್ಯಾಸ್ ಸ್ವಲ್ಪ ಅಗ್ಗ. ಒಲೆಯ ಮಟ್ಟಿಗೆ ನೋಡಿದರೆ ಇಂಡಕ್ಷನ್ನೂ ಗ್ಯಾಸೂ ಹೆಚ್ಚುಕಡಿಮೆ ಸಮ. ಲೀಟರ್ ನೀರು ಕುದಿಸಲು ಅಲ್ಲಿ 65 ಪೈಸೆ, ಇಲ್ಲಿ 60.

ಆದರೆ ನಿಮ್ಮ ಲೆಕ್ಕ ಗೃಹಜ್ಯೋತಿಯಿಂದ ತಲೆಕೆಳಗಾಗುತ್ತದೆ. ನಿಮಗೆ ಗೊತ್ತುಪಡಿಸಿದ ಮಿತಿಯೊಳಗೆ ಕರೆಂಟ್ ಪುಕ್ಕಟೆ. ಮಿತಿ ಮೀರಿ 200ರ ಒಳಗಿದ್ದರೆ ಮೀರಿದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಹಾಗಾಗಿ ಮಿತಿಯೊಳಗೆ ಎಷ್ಟು ಯೂನಿಟ್ ಉಳಿಯುತ್ತದೋ ಅಷ್ಟನ್ನು ಕರೆಂಟ್ ಗೀಸರ್‌ಗೆ ಕೊಡಿ, ಉಳಿದದ್ದು ಗ್ಯಾಸ್. ಎರಡೂ ಗೀಸರ್ ಗೋಡೆಯಲ್ಲಿ ಇವೆ ತಾನೆ? ಸ್ವಂತ ತಾರಸಿ ಇದ್ದರೆ ಇದೆಲ್ಲ ಬಿಟ್ಟು ಸೋಲಾರ್ ಹಾಕಿಸಿ. ಮೋಡದ ದಿನಕ್ಕೆ ಮಾತ್ರ ಗ್ಯಾಸ್ ಸಾಕು.

ಬಚ್ಚಲೊಲೆ ಭಟ್ರು (ಶಿರಸಿ)

ಪೇಟೆಯವರ ಕಷ್ಟ ಓದಿ ನಗುವುದೋ ಮರುಗುವುದೋ ತಿಳಿಯಲಿಲ್ಲ. ನಮ್ಮಲ್ಲಿ ಬಚ್ಚಲೊಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ. ಹಂಡೆ ನೀರು ಬೆಳಗಿಂದ ಸಂಜೆವರೆಗೆ ಬಿಸಿ. ಅಡುಗೆಗೆ ಗೋಬರ್ ಗ್ಯಾಸ್. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಗುಂಡಿಗೆ ದಿನಾ 50 ಕೆಜಿ ಸಗಣಿ, ನಾಲ್ಕೈದು ದನ ಬೇಕು. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 450 ಗ್ರಾಂ ಸಿಲಿಂಡರ್ ಗ್ಯಾಸ್‌ಗೆ ಸಮ. ದಿನಕ್ಕೆ 900 ಗ್ರಾಂ ಸಿಕ್ಕಂತೆ. ನಿಮ್ಮ ಮನೆಯ ಅಡುಗೆ, ಮೂವರ ಸ್ನಾನ, ಹುಡುಗನ ಶವರ್ ಎಲ್ಲಾ ಸೇರಿ ದಿನಕ್ಕೆ 670 ಗ್ರಾಂ. ದನ ಸಾಕಿ!

ತಮಾಷೆ ಬದಿಗಿರಲಿ, ಚಳಿಗಾಲದಲ್ಲಿ ಗುಂಡಿ ತಣ್ಣಗಾಗಿ ಗ್ಯಾಸ್ ಇಳಿಯುತ್ತದೆ. ಮದುವೆ, ಶ್ರಾದ್ಧ ಬಂದರೆ ನಾವೂ ಸಿಲಿಂಡರ್‌ಗೆ ಫೋನ್ ಮಾಡುವವರೇ.

ಹಿಮದ ನಾಡಿನಿಂದ (ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗ)

ಊರು ಸಾಗರ. ಇಲ್ಲಿಗೆ ಬಂದು ಬಹಳ ವರ್ಷವಾಯಿತು. ನಿಮ್ಮ ಗ್ರಾಂ ಲೆಕ್ಕ ನೋಡಿ ಹೊಟ್ಟೆಕಿಚ್ಚಾಯಿತು, ಹಾಗಾಗಿ ಬರೆಯುತ್ತಿದ್ದೇನೆ.

ನಾವಿರುವುದು ಹಳ್ಳಿ ಕಡೆ, ಪೈಪ್ ಗ್ಯಾಸ್ ಇಲ್ಲ. ಮನೆ ಹಿಂದೆ 500 ಗ್ಯಾಲನ್ ಪ್ರೊಪೇನ್ ಟ್ಯಾಂಕ್. ತುಂಬುವುದು ನೂರಕ್ಕೆ 80ರಷ್ಟು ಮಾತ್ರ, ಬಿಸಿಲಿಗೆ ದ್ರವ ಹಿಗ್ಗಲು ಜಾಗ ಬೇಕಲ್ಲ. ಅಂದರೆ 400 ಗ್ಯಾಲನ್. ಒಂದು ಗ್ಯಾಲನ್ 1.9 ಕೆಜಿ ತೂಗುತ್ತದೆ, ಉರಿದರೆ 91,500 ಬಿಟಿಯು, ಅದು ಇಲ್ಲಿ ಶಾಖ ಅಳೆಯುವ ಮಾನ. ಇಲ್ಲಿ ಪ್ರತಿ ಉಪಕರಣದ ಮೇಲೂ ಗಂಟೆಗೆ ಎಷ್ಟು ಬಿಟಿಯು ಅಂತ ಬರೆದಿರುತ್ತಾರೆ. ಅದನ್ನು 91,500ರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಗ್ಯಾಲನ್ ಅಂತ ಸಿಗುತ್ತದೆ.

ಮನೆ ಬಿಸಿ ಮಾಡುವ ಫರ್ನೇಸ್ 80,000 ಬಿಟಿಯು. ಗಂಟೆಗೆ 0.87 ಗ್ಯಾಲನ್. ಜನವರಿಯಲ್ಲಿ ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೋದ ದಿನ ಅದು ಒಟ್ಟು ಅರ್ಧ ದಿನ ಉರಿಯುತ್ತದೆ. ಹತ್ತೂವರೆ ಗ್ಯಾಲನ್, 20 ಕೆಜಿ. ರಶ್ಮಿಯವರು ಒಂದು ತಿಂಗಳಿಗೆ ಸುಡುವುದನ್ನು ನಾವು ಅಂಥ ಒಂದೇ ದಿನದಲ್ಲಿ ಸುಡುತ್ತೇವೆ. ಗ್ಯಾಲನ್‌ಗೆ 3 ಡಾಲರ್ ಅಂದರೂ ದಿನಕ್ಕೆ 30 ಡಾಲರ್ ಮೇಲೆ.

ಉಳಿದದ್ದೆಲ್ಲ ಅದರ ಮುಂದೆ ಚಿಲ್ಲರೆ. ನೀರಿನ ಹೀಟರ್ 40,000 ಬಿಟಿಯು, ಆದರೆ ದಿನಕ್ಕೆ ಒಂದೆರಡು ಗಂಟೆ ಉರಿದರೆ ಹೆಚ್ಚು. ಬಟ್ಟೆ ಒಣಗಿಸುವ ಯಂತ್ರ 22,000. ಒಲೆ ಲೆಕ್ಕಕ್ಕೇ ಇಲ್ಲ.

ಒಂದು ಮಾತ್ರ ಹೇಳಲೇಬೇಕು, ಪೈಲಟ್ ಉರಿ. ಹಳೇ ಹೀಟರ್‌ಗಳಲ್ಲಿ ಹಗಲೂ ರಾತ್ರಿ ಒಂದು ಸಣ್ಣ ನೀಲಿ ಜ್ಯೋತಿ ಇರುತ್ತದೆ. ಗಂಟೆಗೆ 800 ಬಿಟಿಯು. ನೋಡಿದರೆ ದೇವರ ಮುಂದಿನ ದೀಪದಷ್ಟೇ ಇರುತ್ತದೆ. ತಿಂಗಳಿಗೆ ಕೂಡಿಸಿದರೆ 6 ಗ್ಯಾಲನ್ ದಾಟುತ್ತದೆ, ಅಂದರೆ 12 ಕೆಜಿ. ನಿಮ್ಮ ಸಿಲಿಂಡರ್ ಹತ್ತಿರ ಹತ್ತಿರ ಪೂರ್ತಿ, ಬರೀ ಬೆಂಕಿ ಆರದ ಹಾಗೆ ಇಡಲು! ನಮ್ಮಲ್ಲಿ ಬೆಂಕಿಗೂಡಿನ ಪೈಲಟ್ ಅನ್ನು ಏಪ್ರಿಲ್ ಮುಗಿದ ಕೂಡಲೇ ಆರಿಸಿಬಿಡುತ್ತೇವೆ.

ಸ್ಪ್ಯಾನರ್

ನಮ್ಮ ಊರಿನ ಗೀಸರ್‌ಗಳಲ್ಲಿ ಆ ಗೋಳಿಲ್ಲ. ಎರಡು ದೊಡ್ಡ ಬ್ಯಾಟರಿ ಸೆಲ್, ನಲ್ಲಿ ತಿರುಗಿಸಿದಾಗ ಟಕಟಕ ಕಿಡಿ. ಸೆಲ್ ಸತ್ತಾಗ ಗೀಸರ್ ಕೆಟ್ಟಿತು ಅಂತ ನನಗೆ ಫೋನ್ ಬರುತ್ತದೆ, ಅದು ಬೇರೆ ಕಥೆ.

ಕಾಫಿತೋಟ (ಮಡಿಕೇರಿ)

ಹಿಮದ ನಾಡಿನವರೇ, ನಿಮ್ಮನ್ನೇ ಕೇಳಬೇಕು. ನಮ್ಮದು ಸಣ್ಣ ಹೋಂಸ್ಟೇ. ಡಿಸೆಂಬರ್, ಜನವರಿಯಲ್ಲಿ ಅತಿಥಿಗಳು ರೂಮಿಗೆ ಹೀಟರ್ ಕೇಳುತ್ತಾರೆ. ಕರೆಂಟ್ ಆಗಾಗ ಕೈ ಕೊಡುತ್ತದೆ. ಒಳಗೇ ಸಿಲಿಂಡರ್ ಕೂರಿಸುವ, ಗಾಲಿ ಇರುವ ಗ್ಯಾಸ್ ಹೀಟರ್ ಒಂದು ನೋಡಿದೆ. 4.2 ಕಿಲೋವ್ಯಾಟ್. ತೆಗೆದುಕೊಳ್ಳಲೇ? ಎಷ್ಟು ಸುಡುತ್ತದೆ?

ಹಿಮದ ನಾಡಿನಿಂದ

ಪೂರ್ತಿ ಉರಿಯಲ್ಲಿ ಗಂಟೆಗೆ 300 ಗ್ರಾಂ ಚಿಲ್ಲರೆ. ಹೋಂಸ್ಟೇ ಅಂದರೆ ನೀವು 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಬಳಸಬೇಕು. 60 ಗಂಟೆ ಬರುತ್ತದೆ. ದಿನಕ್ಕೆ ಆರು ಗಂಟೆ ಹಚ್ಚಿದರೆ ಹತ್ತು ದಿನ. ಅದೂ ಒಂದೇ ರೂಮಿಗೆ.

ಆದರೆ ಮಲಗುವ ರೂಮಿಗೆ ದಯವಿಟ್ಟು ಬೇಡ. ಆ ಹೀಟರ್‌ಗೆ ಹೊಗೆ ಕೊಳವೆ ಇಲ್ಲ. ಉರಿದದ್ದೆಲ್ಲ ರೂಮಿನೊಳಗೇ ಉಳಿಯುತ್ತದೆ. ಒಂದು ಕೆಜಿ ಪ್ರೊಪೇನ್ ಉರಿದರೆ 1.6 ಕೆಜಿ ನೀರಿನ ಆವಿ ಹುಟ್ಟುತ್ತದೆ. ಆರು ಗಂಟೆಗೆ ಮೂರು ಲೀಟರ್ ನೀರು ಗಾಳಿಗೆ ಸೇರಿದಂತೆ. ಕೊಡಗಿನ ಮನೆಗಳಲ್ಲಿ ಮೊದಲೇ ಗೋಡೆಗೆ ಬೂಷ್ಟು, ಇನ್ನು ಹಾಸಿಗೆ, ಕಪಾಟು ಎಲ್ಲಾ ಹಿಡಿಯುತ್ತದೆ. ಅದು ಸಣ್ಣ ತೊಂದರೆ. ದೊಡ್ಡ ತೊಂದರೆ ಕಾರ್ಬನ್ ಮೋನಾಕ್ಸೈಡ್ ಅನ್ನುವ ವಿಷಾನಿಲ. ಚಳಿ ಅಂತ ಕಿಟಕಿ ಮುಚ್ಚಿ ಮಲಗುವ ಅತಿಥಿಗೆ ನೀವು ರಾತ್ರಿ ಎರಡಕ್ಕೆ ಹೋಗಿ ಕಿಟಕಿ ತೆರೆಯಿರಿ ಅಂತ ಹೇಳಲು ಆಗುತ್ತದಾ?

ಮೊದಲು ಬಾಗಿಲ ಸಂದಿ ಮುಚ್ಚಿಸಿ, ದಪ್ಪ ಪರದೆ ಹಾಕಿ, ರಜಾಯಿ ಕೊಡಿ. ಹಾಸಿಗೆ ಬೆಚ್ಚಗಿಡುವ ಎಲೆಕ್ಟ್ರಿಕ್ ಹಾಸು 100 ವ್ಯಾಟ್ ಒಳಗೇ ಮುಗಿಯುತ್ತದೆ, ಸಣ್ಣ ಇನ್ವರ್ಟರ್‌ನಲ್ಲೂ ನಡೆಯುತ್ತದೆ. ಗ್ಯಾಸ್ ಹೀಟರ್ ಬೇಕೇ ಬೇಕು ಅಂದರೆ ಅಂಗಳಕ್ಕೆ ಅಣಬೆ ಆಕಾರದ್ದು ಇಡಿ. ಅದು ಗಂಟೆಗೆ ಒಂದು ಕೆಜಿ ಹತ್ತಿರ ಸುಡುತ್ತದೆ, ಶಾಖದ ಬಹುಪಾಲು ನಕ್ಷತ್ರಗಳಿಗೆ ಹೋಗುತ್ತದೆ. ಅತಿಥಿಗಳು ಫೋಟೋ ತೆಗೆದುಕೊಳ್ಳುತ್ತಾರೆ, ಅಷ್ಟೇ ಲಾಭ. ನನ್ನನ್ನು ಕೇಳಿದರೆ ಕಾಫಿ ತೋಟದ ಮರಗಸಿ ಸೌದೆ ಹಾಕಿ ಒಂದು ಕ್ಯಾಂಪ್‌ಫೈರ್ ಸಾಕು.

ಸ್ಪ್ಯಾನರ್

ಮೋನಾಕ್ಸೈಡ್ ಮಾತು ಬಂದದ್ದಕ್ಕೆ ಗೀಸರ್ ಬಗ್ಗೆಯೂ ಹೇಳಿಬಿಡುತ್ತೇನೆ. ಈ ಚರ್ಚೆಯಲ್ಲಿ ಖರ್ಚಿಗಿಂತ ಇದು ಮುಖ್ಯ.

ಗ್ಯಾಸ್ ಗೀಸರ್ ಬಚ್ಚಲೊಳಗೆ ಇರಬಾರದು. ಇರಲೇಬಾರದು. ಒಂದು ಕೆಜಿ ಅನಿಲ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಮೇಷ್ಟ್ರು ಹೇಳಿದ ನಿಮಿಷಕ್ಕೆ 15 ಗ್ರಾಂ ಲೆಕ್ಕದಲ್ಲಿ ನಿಮಿಷಕ್ಕೆ 200 ಲೀಟರ್ ಗಾಳಿ. ಐದಡಿ ಅಗಲ, ಏಳಡಿ ಉದ್ದದ ಬಚ್ಚಲಲ್ಲಿ ಇರುವ ಗಾಳಿಯೇ 9 ಘನ ಮೀಟರ್ ಚಿಲ್ಲರೆ. ಹತ್ತು ನಿಮಿಷಕ್ಕೆ ಅದರಲ್ಲಿ ಐದನೇ ಒಂದು ಪಾಲಿನ ಆಮ್ಲಜನಕ ಗೀಸರ್ ಪಾಲು. ಗಾಳಿ ಸೊರಗುತ್ತಾ ಹೋದಂತೆ ಉರಿ ಕೆಡುತ್ತದೆ, ಮೋನಾಕ್ಸೈಡ್ ಹುಟ್ಟುತ್ತದೆ. ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ, ಏಕೆಂದರೆ ಅದಕ್ಕೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಮೋನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆ ಸುತ್ತಿ ಬೀಳುವವರೆಗೆ ಗೊತ್ತೇ ಆಗುವುದಿಲ್ಲ. ಚಿಲಕ ಒಳಗಿನಿಂದ ಹಾಕಿರುತ್ತದೆ.

ಬಹಳಷ್ಟು ಗೀಸರ್‌ಗಳು 20 ನಿಮಿಷಕ್ಕೆ ತಾವೇ ಆರುತ್ತವೆ. ಅದನ್ನೇ ನಂಬಿ ಒಳಗೆ ಹಾಕಿಸುವವರಿದ್ದಾರೆ. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಅದು ಮೊದಲಿಂದ ಎಣಿಸುತ್ತದೆ, ಬಚ್ಚಲಿನ ಗಾಳಿ ಮಾತ್ರ ಮೊದಲಿನಂತೆ ಆಗುವುದಿಲ್ಲ. ಯುಟಿಲಿಟಿಯಲ್ಲಿ, ಬಾಲ್ಕನಿಯಲ್ಲಿ, ಹೊರಗೋಡೆಗೆ ಹಾಕಿಸಿ. ಯುಟಿಲಿಟಿಗೆ ಪೂರ್ತಿ ಗಾಜು ಹಾಕಿ ಮುಚ್ಚಿದ್ದರೆ ಅದೂ ಬಚ್ಚಲೇ.

ಹಾಗೇ ಒಂದೇ ರೆಗ್ಯುಲೇಟರ್‌ಗೆ ಟಿ ಜಾಯಿಂಟ್ ಹಾಕಿ ಒಲೆ, ಗೀಸರ್ ಎರಡಕ್ಕೂ ಎಳೆಯಬೇಡಿ. ಸೋರಿದ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಮಲಗಿರುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ವಿಜಯನಗರದ ರಶ್ಮಿ

ನಮ್ಮದು ಯುಟಿಲಿಟಿಯಲ್ಲಿದೆ, ಗ್ರಿಲ್ ಮಾತ್ರ, ಗಾಜಿಲ್ಲ. ಸದ್ಯ.

ಅತ್ತೆಯ ತೂಕದ ಅನುಮಾನ ಮಾತ್ರ ಹೋಗಿಲ್ಲ. ಅದಕ್ಕೇನು ದಾರಿ?

ಪೈಪ್‌ಲೈನ್ ಪ್ರಸಾದ

ಸಿಲಿಂಡರ್ ಮೇಲಿನ ಹಿಡಿಕೆ ಪಟ್ಟಿಯಲ್ಲಿ ಖಾಲಿ ತೂಕ ಬರೆದಿರುತ್ತದೆ. 15.3 ಅಂತ ಇದ್ದರೆ ತುಂಬಿದ ಸಿಲಿಂಡರ್ 29.5 ಕೆಜಿ ತೂಗಬೇಕು. ತರುವವರ ಹತ್ತಿರ ತಕ್ಕಡಿ ಇರಲೇಬೇಕು, ಕೇಳಿದರೆ ತೂಗಿ ತೋರಿಸಬೇಕು. ಕೇಳುವುದಕ್ಕೆ ಸಂಕೋಚ ಪಡಬೇಡಿ. ಪೈಪ್ ಬರುವ ಮೊದಲು ನಾವು ಕೊಕ್ಕೆ ಇರುವ ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಂಡಿದ್ದೆವು. ವಾರಕ್ಕೊಮ್ಮೆ ತೂಗಿ ಕ್ಯಾಲೆಂಡರ್ ಮೇಲೆ ಬರೆಯುವುದು. ಯಾವ ವಾರ ನೆಂಟರು ಬಂದಿದ್ದರು ಅಂತ ಅದನ್ನು ನೋಡಿಯೇ ಹೇಳಬಹುದಿತ್ತು.

ರೊಟ್ಟಿ ಅಕ್ಕ

ತಕ್ಕಡಿ ಇಲ್ಲದವರು ಒದ್ದೆ ಬಟ್ಟೆಯಿಂದ ಸಿಲಿಂಡರ್ ಸುತ್ತ ಒರೆಸಿ ಎರಡು ನಿಮಿಷ ಬಿಟ್ಟು ನೋಡಿ. ಮೇಲಿನ ಭಾಗ ಬೇಗ ಆರುತ್ತದೆ, ಗ್ಯಾಸ್ ದ್ರವ ಇರುವಲ್ಲಿ ಒದ್ದೆ ಉಳಿಯುತ್ತದೆ. ಗೆರೆ ಎದ್ದು ಕಾಣುತ್ತದೆ. ಹಬ್ಬದ ಹಿಂದಿನ ದಿನ ಇದನ್ನು ನೋಡಿಯೇ ಹೋಳಿಗೆಗೆ ಬ್ಯಾಳಿ ಇಡುವುದು.

ಕಾಫಿತೋಟ

ಅಕ್ಕ ಹೇಳಿದ ಗೆರೆ ನಮ್ಮಲ್ಲಿ ಒರೆಸದೆಯೇ ಕಾಣುತ್ತದೆ! ಜನವರಿ ಬೆಳಿಗ್ಗೆ ಒಬ್ಬರ ಮೇಲೊಬ್ಬರು ಅತಿಥಿಗಳು ಸ್ನಾನ ಮಾಡಿದರೆ ಸಿಲಿಂಡರ್ ಕೆಳಭಾಗ ಬೆವರಿ, ಕೆಲವು ಸಲ ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತದೆ. ಆಗ ಗೀಸರ್ ಉರಿ ಸಣ್ಣಗಾಗುತ್ತದೆ. ಖಾಲಿ ಆಯಿತು ಅಂತ ಬದಲಿಸುತ್ತೇವೆ. ಮಧ್ಯಾಹ್ನ ಅದೇ ಸಿಲಿಂಡರ್ ಒಲೆಗೆ ಹಾಕಿದರೆ ಚೆನ್ನಾಗಿ ಉರಿಯುತ್ತದೆ. ಇದೇನು ಮಾಯೆ?

ಲೆಕ್ಕದ ಮೇಷ್ಟ್ರು

ಒಳಗಿರುವುದು ದ್ರವ. ಅದು ಆವಿಯಾಗಿ ಹೊರಗೆ ಬರಬೇಕಾದರೆ ಶಾಖ ಬೇಕು, ಅದನ್ನು ಸಿಲಿಂಡರ್‌ನ ತಗಡಿನಿಂದಲೇ ಎಳೆದುಕೊಳ್ಳುತ್ತದೆ. ಒಲೆ ಗಂಟೆಗೆ 100 ಗ್ರಾಂ ಕೇಳಿದರೆ ಸುತ್ತಲಿನ ಗಾಳಿಯ ಶಾಖ ಸಾಕಾಗುತ್ತದೆ. ಗೀಸರ್ ಗಂಟೆಗೆ ಸುಮಾರು ಒಂದು ಕೆಜಿ ಕೇಳುತ್ತದೆ, ಮಡಿಕೇರಿ ಬೆಳಗಿನ ಗಾಳಿಗೆ ಅಷ್ಟು ಕೊಡಲು ಆಗುವುದಿಲ್ಲ. ಸಿಲಿಂಡರ್ ತಣ್ಣಗಾಗುತ್ತದೆ, ಒತ್ತಡ ಇಳಿಯುತ್ತದೆ.

ಇನ್ನೊಂದು ಕಾರಣ ಆ ಬೆರಕೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ, ಬ್ಯೂಟೇನ್ ಕುದಿಯುವುದು ಸೊನ್ನೆಯ ಹತ್ತಿರ. ಹಾಗಾಗಿ ಮೊದಲು ಪ್ರೊಪೇನ್ ಜಾಸ್ತಿ ಹೊರಗೆ ಹೋಗಿ, ಕೊನೆಯ ಎರಡು ಮೂರು ಕೆಜಿಯಲ್ಲಿ ಬ್ಯೂಟೇನ್ ಪಾಲು ಹೆಚ್ಚಿರುತ್ತದೆ. ಚಳಿಯಲ್ಲಿ ಅದು ಸುಲಭಕ್ಕೆ ಆವಿಯಾಗಿ ಏಳುವುದಿಲ್ಲ. ಹಿಮದ ನಾಡಿನವರು ಬರೀ ಪ್ರೊಪೇನ್ ಬಳಸುವುದೂ ಅದಕ್ಕೇ.

ನೀವು ಮಾಡುತ್ತಿರುವುದೇ ಸರಿ. ಗೀಸರ್‌ಗೆ ಯಾವಾಗಲೂ ತುಂಬಿದ ಸಿಲಿಂಡರ್ ಹಾಕಿ, ಅರ್ಧ ದಾಟಿದ ಮೇಲೆ ಒಲೆಗೆ ವರ್ಗಾಯಿಸಿ. ಸಿಲಿಂಡರ್ ಸಿಮೆಂಟ್ ನೆಲದ ಬದಲು ಮರದ ಹಲಗೆ ಮೇಲಿರಲಿ, ಬಿಸಿಲು ನೇರ ಬೀಳದಿದ್ದರೂ ಗಾಳಿ ಆಡುವ ಕಡೆ ಇರಲಿ.

ಕಾಫಿತೋಟ

ನಮ್ಮ ಅಡುಗೆಯವನು ಕುದಿಯುವ ನೀರು ಸುರಿಯುತ್ತಾನೆ.

ಸ್ಪ್ಯಾನರ್

ಅವನಿಗೆ ಇವತ್ತೇ ಹೇಳಿ ನಿಲ್ಲಿಸಿ. ಕುದಿಯುವ ನೀರು ಬೇಡ, ಬೆಂಕಿ ಹತ್ತಿರವಂತೂ ಬೇಡ, ಮಲಗಿಸುವುದೂ ಬೇಡ. ಮಲಗಿಸಿದರೆ ಆವಿಯ ಬದಲು ದ್ರವವೇ ಪೈಪಿಗೆ ನುಗ್ಗುತ್ತದೆ. ಅರ್ಧ ಗಂಟೆ ಬಿಟ್ಟರೆ ಸಿಲಿಂಡರ್ ತಾನೇ ಸರಿಹೋಗುತ್ತದೆ. ಅತಿಥಿಗಳಿಗೆ ಅಷ್ಟೊತ್ತು ಕಾಫಿ ಕೊಡಿ.